ಒಂದು ಮೊರ ಜೋಳದ ಅಣ್ಣ

ನನ್ನ ಅಣ್ಣ ಧೂಳಪ್ಪ ಹುಟ್ಟಿದ ಐದನೇ ದಿನಕ್ಕೆ ನಮ್ಮವ್ವ ಅವನನ್ನು ಮಾರಿಬಿಟ್ಟಳು. ಒಂದು ಮೊರ ಜೋಳಕ್ಕೆ. ಕೊಂಡವಳು ಗೋಡೆ ಆಚೆಯ ವಜೀರಬಿ. ಬಿಳಿ ಜೋಳ, ಕಾಳು ದಪ್ಪ ಇದ್ದವು, ಒಂದರಲ್ಲೂ ಹುಳ ಇರಲಿಲ್ಲ ಎಂದು ನಮ್ಮವ್ವ ಮುಂದೆ ಇಪ್ಪತ್ತೆಂಟು ವರ್ಷ ಹೇಳುತ್ತಿದ್ದಳು. ಕೂಸಿನ ಬಗ್ಗೆ ಅಷ್ಟು ಹೊಗಳಿಕೆಯ ಮಾತು ಆಕೆಯ ಬಾಯಿಂದ ಯಾರೂ ಕೇಳಿದ್ದಿಲ್ಲ.

ಓದಿದವರು ಗಾಬರಿಯಾಗಬೇಡಿ. ನಮ್ಮ ಕಡೆ ಇದು ಇದ್ದದ್ದೇ. ಮಕ್ಕಳು ಉಳಿಯದ ತಾಯಿ, ಹೊಸದಾಗಿ ಹುಟ್ಟಿದ್ದನ್ನು ಮಕ್ಕಳೊಂದಿಗಳಾದ ಇನ್ನೊಬ್ಬಳಿಗೆ ಮಾರುತ್ತಾಳೆ. ಕೊಂಡವಳು ಕೂಸನ್ನು ಮೊರದಲ್ಲಿ ಹಾಕಿಕೊಂಡು ಹೊಸ್ತಿಲು ದಾಟುತ್ತಾಳೆ, ತನ್ನ ಮನೆಯಲ್ಲಿ ಒಂದು ಗಳಿಗೆ ಮಲಗಿಸುತ್ತಾಳೆ, ಆಮೇಲೆ ವಾಪಸ್ ತಂದು "ಇದು ನನ್ನ ಕೂಸು, ನೀನು ಜೋಪಾನ ಮಾಡು" ಎಂದು ಕೊಟ್ಟು ಹೋಗುತ್ತಾಳೆ. ಜವರಾಯ ಹುಡುಕಿಕೊಂಡು ಬಂದರೆ ಆ ತಾಯಿಯ ಕೂಸು ಮನೆಯಲ್ಲಿ ಇರುವುದಿಲ್ಲವಲ್ಲ, ಬರಿಗೈಯಲ್ಲಿ ಹೋಗಬೇಕು. ಹುಡುಗನಿಗೆ ಐದು ವರ್ಷ ತುಂಬಿದ ಮೇಲೆ ಅಷ್ಟೇ ಜೋಳ ತಿರುಗಿ ಕೊಟ್ಟು, ನಾಲ್ಕು ಮಂದಿಗೆ ಹೋಳಿಗೆ ಊಟ ಹಾಕಿ, ಬಿಡಿಸಿಕೊಂಡು ಬರುತ್ತಾರೆ. ನಮ್ಮ ಓಣಿಯಲ್ಲೇ ಹಾಗೆ ಮಾರಾಟವಾಗಿ ತಿರುಗಿ ಬಂದವರು ಮೂರು ಮಂದಿ ಇದ್ದರು. ನಮ್ಮಣ್ಣ ಮಾತ್ರ ತಿರುಗಿ ಬರಲಿಲ್ಲ.

ನಮ್ಮವ್ವ ಭಾಗಮ್ಮನಿಗೆ ಧೂಳಪ್ಪನ ಮುಂಚೆ ಮೂರು ಮಕ್ಕಳು. ವೈಜನಾಥ ಎಂಟು ತಿಂಗಳು ಇದ್ದ. ಕಸ್ತೂರಿ ಒಂದೂವರೆ ವರ್ಷ ಇದ್ದಳು, "ಅವ್ವ" ಎನ್ನುವುದನ್ನು ಕಲಿತಿದ್ದಳು. ಬಸವಣಪ್ಪ ಹನ್ನೆರಡು ದಿನ. ಮೂವರನ್ನೂ ಮಣ್ಣಿಗೆ ಕೊಟ್ಟು ಬಂದವಳು ಆಕೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಆಕೆಯ ಮೇಲೆ ಬೇಕಾದಷ್ಟು ರೇಗುವವನಿದ್ದೇನೆ, ಆಗ ನೀವು ಇದನ್ನು ಮರೆಯಬಾರದು.

ಅದು ಐವತ್ತಾರನೇ ಇಸವಿ. ಹೈದರಾಬಾದಿನವರಾಗಿ ಮಲಗಿದ ನಾವು ಮೈಸೂರಿನವರಾಗಿ ಎದ್ದ ವಾರ. ಕಲ್ಯಾಣಿ ಅನ್ನುತ್ತಿದ್ದ ಊರನ್ನು ಬಸವಕಲ್ಯಾಣ ಅನ್ನಬೇಕೆಂದು ಎಲ್ಲರೂ ನಾಲಿಗೆಗೆ ಪಾಠ ಹೇಳಿಕೊಡುತ್ತಿದ್ದ ಕಾಲ. ನಮ್ಮಪ್ಪ ಬಕ್ಕಪ್ಪ ಕಿರಾಣಿ ಅಂಗಡಿಯವನು, ಮೆತ್ತಗಿನ ಮನುಷ್ಯ. ಅವನೂ ಒಂದು ತಕರಾರು ತೆಗೆದನಂತೆ.

"ಹೊಟ್ಟಿಲೆ ಹುಟ್ಟಿದ ಕೂಸಿಗಿ ಮಾರೂದಂದ್ರ ಹ್ಯಾಂಗ?"

"ಇಡೀ ತಾಲೂಕಾನೇ ಒಬ್ರ ಕೈಯಿಂದ ಒಬ್ರ ಕೈಗಿ ಕೊಟ್ಟಾರ. ನಿಮಗ ಯಾರರ ಕೇಳ್ಯಾರೇನು?" ಎಂದಳಂತೆ ಅವ್ವ.

ಅಪ್ಪ ಸ್ವಲ್ಪ ಹೊತ್ತು ಯೋಚಿಸಿ, ಇಲ್ಲ, ಯಾರೂ ಕೇಳಿಲ್ಲ ಎಂದು ಒಪ್ಪಿಕೊಂಡ. ಅಂದಿನಿಂದ ನಮ್ಮ ಮನೆಯಲ್ಲೂ ಅವನನ್ನು ಯಾವ ವಿಷಯಕ್ಕೂ ಯಾರೂ ಕೇಳಲಿಲ್ಲ.

ವಜೀರಬಿಯದು ಪಿಂಜಾರ ಮನೆತನ. ಅರಳೆ ಹಿಂಜಿ ಗಾದಿ, ರಜಾಯಿ ತುಂಬುವ ಕಸುಬು. ಆಕೆಗೆ ಆರು ಮಕ್ಕಳು, ಆರೂ ಗಟ್ಟಿ, ಒಂದಕ್ಕೂ ಒಂದು ದಿನ ನೆಗಡಿ ಬಂದದ್ದಿಲ್ಲ. ಅದಕ್ಕೇ ಅವ್ವ ಆಕೆಯನ್ನು ಆರಿಸಿದ್ದು. ವಜೀರಬಿ ಕೂಸನ್ನು ಒಯ್ದು ತಂದ ಮೊರವನ್ನು ಮತ್ತೆ ಬಳಸಲಿಲ್ಲ. ತನ್ನ ಪಡಸಾಲೆಯ ಮೊಳೆಗೆ ನೇತುಹಾಕಿದಳು. ಯಾರಾದರೂ ಕೇಳಿದರೆ ಅದನ್ನು ತೋರಿಸಿ, "ಯೇ ದೇಖೋ ರಸೀದಿ" ಅನ್ನುತ್ತಿದ್ದಳು.

ಇಲ್ಲಿಯವರೆಗೆ ಎಲ್ಲ ಸರಿಯಾಗೇ ಇತ್ತು. ತಪ್ಪಿದ್ದು ಮುಂದೆ. ಬೇರೆ ತಾಯಂದಿರು ಮಾರಿದ ಹಾಗೆ ಮಾಡುತ್ತಾರೆ, ನಮ್ಮವ್ವ ನಿಜವಾಗಿ ಮಾರಿದಳು. ಆಕೆಯ ವಾದ ಏನೆಂದರೆ, ಜವರಾಯನೇನು ಹುಚ್ಚನೇ? ಒಂದು ಗಳಿಗೆ ಗೋಡೆ ಆಚೆ ಇಟ್ಟು ತಂದು, ಮತ್ತೆ ತೊಡೆಯ ಮೇಲೆ ಹಾಕಿಕೊಂಡು "ನನ್ನ ರಾಜಾ, ನನ್ನ ಬಂಗಾರಾ" ಎಂದು ಮುದ್ದಾಡಿದರೆ ಅವನಿಗೆ ತಿಳಿಯುವುದಿಲ್ಲವೇ? ಮೂರು ಸಲ ನಮ್ಮ ಮನೆಗೆ ಬಂದು ಹೋದವನು, ಬಾಗಿಲು ಎಲ್ಲಿದೆ ಎಂದು ಗೊತ್ತಿದ್ದವನು. ಹಾಗಾಗಿ ಧೂಳಪ್ಪ ನಮ್ಮ ಮನೆಯಲ್ಲಿ ಪಾವಣ್ಯಾ ಆಗಿ ಬೆಳೆದ. ಪಾವಣ್ಯಾ ಅಂದರೆ ನೆಂಟ, ಅತಿಥಿ. ಎದೆಹಾಲು ಕುಡಿಸುವಾಗಲೂ ಆಕೆ ಮುಖ ಆ ಕಡೆ ತಿರುಗಿಸಿಕೊಂಡು, ಯಾರದೋ ಕೂಸಿಗೆ ಉಪಕಾರ ಮಾಡುವವಳ ಹಾಗೆ ಕೂಡುತ್ತಿದ್ದಳಂತೆ.

ನಾನು ಹುಟ್ಟಿದ್ದು ಮೂರು ವರ್ಷದ ಮೇಲೆ. ಧೂಳಪ್ಪ ಬದುಕಿ ಓಡಾಡುತ್ತಿದ್ದುದನ್ನು ನೋಡಿ ಅವ್ವನಿಗೆ ಧೈರ್ಯ ಬಂದಿತ್ತು, ನನ್ನನ್ನು ಮಾರಲಿಲ್ಲ. ಅವನಿಗೆ ಧೂಳು ಎಂದು ಹೆಸರಿಟ್ಟವಳು ನನಗೆ ಮಹಾರುದ್ರಪ್ಪ ಎಂದು ಇಟ್ಟಳು. ಹೆಸರೊಂದೇ ದೊಡ್ಡದು. ಉಳಿದ ಮರ್ಯಾದೆ ಎಲ್ಲ ಅವನಿಗೆ.

ನಮ್ಮ ಮನೆಯ ಊಟ ಹೀಗಿತ್ತು. ಧೂಳಪ್ಪನಿಗೆ ಕೂಡಲು ಮಣೆ, ಕೈ ತೊಳೆಯಲು ತಂಬಿಗೆ ನೀರು, ಒಲೆಯಿಂದ ಆಗ ತಾನೇ ಇಳಿದ ಬಿಸಿ ರೊಟ್ಟಿ, ಅದರ ಮೇಲೆ ತುಪ್ಪ. ನನಗೆ ನೆಲ, ಮುಂಜಾನೆಯ ರೊಟ್ಟಿ, ಖಾರದ ಹಿಂಡಿ. "ಬರ್ರಿ, ಊಟ ಮಾಡ್ರಿ, ಇನ್ನೊಂದ್ ಅರ್ಧಾ ಹಾಕಲ್ರ್ಯಾ?" ಎಂದು ಎಂಟು ವರ್ಷದ ಹುಡುಗನಿಗೆ ಉಪಚಾರ. "ಏ ಮಾರುದ್ರ್ಯಾ, ಎಷ್ಟ ತಿಂತೀಯೋ ಸತ್ತವನ್ಹಂಗ!" ಎಂದು ನನಗೆ. ಅವನಿಗೆ ಆಕೆಯನ್ನು ಅವ್ವ ಅನ್ನಲು ಅಪ್ಪಣೆ ಇರಲಿಲ್ಲ. ಕಾಕು ಅನ್ನುತ್ತಿದ್ದ, ಪಕ್ಕದ ಮನೆಯ ಹೆಂಗಸನ್ನು ಕರೆಯುವ ಹಾಗೆ. ಅವ್ವ ಎಂಬ ಮಾತಿಗೆ ಹಕ್ಕಿದ್ದದ್ದು ನನಗೊಬ್ಬನಿಗೇ, ನಾನು ಅದನ್ನು ಹೆಚ್ಚಾಗಿ ಹೊಡೆತ ತಿನ್ನುವಾಗ ಬಳಸುತ್ತಿದ್ದೆ.

ಆ ತುಪ್ಪದ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಅವನಿಗೆ ನನ್ನ ಮೇಲೆ ಹೊಟ್ಟೆಕಿಚ್ಚು ಇತ್ತು ಎಂಬುದು ನನಗೆ ತಿಳಿದದ್ದು ಅವನು ಹತ್ತು ವರ್ಷದವನಾಗಿದ್ದಾಗ, ಉಪ್ಪಿನಕಾಯಿ ಭರಣಿ ಒಡೆದ ದಿನ. ಕೈ ತಪ್ಪಿ ಒಡೆಯಲಿಲ್ಲ. ಅವ್ವ ಎದುರಿಗೇ ನಿಂತಿದ್ದಾಗ, ವರ್ಷದ ಮಾವಿನಕಾಯಿ ತುಂಬಿದ ಭರಣಿಯನ್ನು ಎರಡೂ ಕೈಯಲ್ಲಿ ಎತ್ತಿ, ಆಕೆಯ ಮುಖ ನೋಡುತ್ತ, ಬಿಟ್ಟುಬಿಟ್ಟ. ಎಣ್ಣೆ ಹೊಸ್ತಿಲ ತನಕ ಹರಿಯಿತು. ಅವ್ವನ ಕೈ ಮೇಲಕ್ಕೆ ಹೋಯಿತು. ಹೋಗಿ ಅಲ್ಲೇ ನಿಂತಿತು.

"ಇರ್ಲಿ ಬಿಡ್ರಿ ತಮ್ಮಾ," ಎಂದಳು ಹಲ್ಲು ಕಚ್ಚಿಕೊಂಡು. "ಕಾಲಿಗಿ ಬಿದ್ದಿಲ್ಲಲ್ಲ?"

ಆಮೇಲೆ ನೆಟ್ಟಗೆ ಒಳಗೆ ಬಂದು ನನಗೆ ಎರಡು ಬಿಗಿದಳು. ನಾನು ಸ್ಲೇಟಿನ ಮೇಲೆ ಬರೆಯುತ್ತ ಕೂತವನು, ಏನಾಯಿತೆಂದೇ ತಿಳಿದಿರಲಿಲ್ಲ. ಪರರ ಮಗನ ಮೇಲೆ ಕೈ ಮಾಡುವ ಹಾಗಿಲ್ಲ, ಎದ್ದ ಕೈ ಎಲ್ಲಾದರೂ ಇಳಿಯಲೇಬೇಕಲ್ಲ.

ಸಾಯಂಕಾಲ ಧೂಳಪ್ಪ ನನ್ನ ಹತ್ತಿರ ಬಂದು ಕೂತು, ಕೆಂಪಾದ ನನ್ನ ಕೆನ್ನೆಯನ್ನೇ ನೋಡಿದ.

"ಹ್ಯಾಂಗ ಅನಸ್ತದೋ, ಆಕಿ ಹೊಡದ್ರ?"

"ಬಾ, ತೋರಸ್ತೀನಿ," ಎಂದು ನನ್ನ ಎಲ್ಲ ಸಿಟ್ಟನ್ನೂ ಸೇರಿಸಿ ಅವನ ಕೆನ್ನೆಗೆ ಒಂದು ಕೊಟ್ಟೆ.

ಅವನು ಕಣ್ಣು ಮುಚ್ಚಿಕೊಂಡು, ಯಾವುದೋ ರುಚಿ ನೋಡುವವನ ಹಾಗೆ ಸ್ವಲ್ಪ ಹೊತ್ತು ಕೂತ. "ಇದಲ್ಲ," ಎಂದ. ಎದ್ದು ಹೋದ.

ಬಿಡಿಸಿಕೊಳ್ಳುವ ಮಾತು ಬರಲಿಲ್ಲ ಎಂದಲ್ಲ. ಅವನಿಗೆ ಐದು ತುಂಬಿದಾಗ ವಜೀರಬಿಯೇ ಮೊರ ತೆಗೆದುಕೊಂಡು ಬಂದಿದ್ದಳು. ಅವ್ವ, ಹನ್ನೆರಡು ತುಂಬಲಿ ಎಂದಳು. ಹನ್ನೆರಡಕ್ಕೆ ಬಂದಾಗ, ಮೀಸೆ ಬರಲಿ ಎಂದಳು. ಮೀಸೆ ಬಂತು, ವಜೀರಬಿಯೂ ಬಂದಳು.

"ಭಾಗಮ್ಮಾ, ತಗೋ ಬಾ ನಿನ್ನ ಮಗನಿಗಿ. ನಂದೇ ಆರು ಅವ. ಅವ್ರಿಗಿ ಒದರೂದ್ರಾಗೇ ನನ್ನ ಗಂಟಲಾ ಹೋಗ್ಯಾದ."

"ಯಾರ ಮಗಾ? ನನಗ ಒಬ್ಬನೇ ಮಗಾ. ಮಾರುದ್ರ್ಯಾ."

"ಬಾಗಿಲ ಹಾಕೀನಿ ಬಾ, ಯಾರೂ ಕೇಳಾಂಗಿಲ್ಲ."

"ಬಾಗಿಲ ಹಾಕಿದ್ರ ಆಂವಾ ನಿಲ್ಲತಾನೇನು?" ಎಂದಳು ಅವ್ವ. ಆಂವಾ ಅಂದರೆ ಯಾರು ಎಂದು ವಜೀರಬಿ ಕೇಳಲಿಲ್ಲ. ಮೊರ ವಾಪಸ್ ಒಯ್ದು ಮೊಳೆಗೆ ಹಾಕಿದಳು. ಗೋಡೆಯ ಮೇಲಿನಿಂದ ಇಣುಕಿ ನೋಡುತ್ತಿದ್ದ ಧೂಳಪ್ಪ ಇಳಿದು ಬಂದು ತನ್ನ ಮಣೆಯ ಮೇಲೆ ಕೂತ.

ಎಪ್ಪತ್ತೊಂದರ ಜನಗಣತಿಯವನು ನಮ್ಮ ಮನೆಗೆ ಬಂದದ್ದು ಊಟದ ಹೊತ್ತಿಗೆ. "ಮನ್ಯಾಗ ಎಷ್ಟ ಮಂದಿ?" ಎಂದ. ಮೂರು ಎಂದಳು ಅವ್ವ. ನಾಲ್ಕನೆಯವನು ಅವನ ಎದುರಿಗೇ ಮಣೆಯ ಮೇಲೆ ಕೂತು ತುಪ್ಪದ ರೊಟ್ಟಿ ತಿನ್ನುತ್ತಿದ್ದ.

"ಇವ್ರು?"

"ಪಾವಣ್ಯಾ."

"ಎಂದ ಬಂದಾರ?"

"ಹದಿನಾಲ್ಕ ವರ್ಷ ಆಯ್ತ್ರಿ."

ಅವನು ಪೆನ್ನು ಕಿವಿಗೆ ಸಿಗಿಸಿ ನಮ್ಮಪ್ಪನ ಮುಖ ನೋಡಿದ. ಅಪ್ಪ ತನ್ನ ತಾಟು ನೋಡಿದ. ಪಕ್ಕದ ಮನೆಗೆ ಹೋದರೆ ವಜೀರಬಿ, "ಹೌ, ನಮ್ದೇ. ಖರೀದಿ ಮಾಲು," ಎಂದು ಮೊರ ತೋರಿಸಿದಳು. ಧರ್ಮ ಯಾವುದು ಎಂದರೆ, "ಅದು ಭಾಗಮ್ಮಗ ಕೇಳ್ರಿ, ಮೊರದಾಗ ಅದು ಬಂದಿಲ್ಲ," ಎಂದಳು. ಅವನು ಪಾಪ ಎರಡು ಮನೆಗಳ ನಡುವೆ ನಾಲ್ಕು ಸಲ ಓಡಾಡಿ, ಕೊನೆಗೆ ಪುಸ್ತಕ ಮುಚ್ಚಿಕೊಂಡು ಕಿಲ್ಲೆಯ ಕಡೆ ನಡೆದುಬಿಟ್ಟ. ಬರೆದುಕೊಂಡನೋ ಬಿಟ್ಟನೋ ಗೊತ್ತಿಲ್ಲ. ದೇಶದ ಜನಸಂಖ್ಯೆಯಲ್ಲಿ ಒಬ್ಬ ಕಡಿಮೆ ಬಿದ್ದರೆ ಅದು ನಾನೇ ಎಂದು ಅಣ್ಣ ಹೇಳುತ್ತಿದ್ದ.

ಕಸುಬಿನ ಮಾತು ಬಂದಾಗ ಅಪ್ಪ ಮತ್ತೊಮ್ಮೆ ಬಾಯಿ ತೆರೆದ. ಹಿರಿಯ ಮಗ ಕಿರಾಣಿ ಅಂಗಡಿಯಲ್ಲಿ ಕೂಡಲಿ ಎಂದ. "ಪಿಂಜಾರರ ಮಗಾ ಕಿರಾಣಿ ಅಂಗಡ್ಯಾಗ ಕೂತ್ರ ಯಾರರ ನಂಬ್ತಾರೇನು?" ಎಂದಳು ಅವ್ವ. ಹಾಗೆ ಲಿಂಗ ಕಟ್ಟಿದ ವ್ಯಾಪಾರಸ್ಥರ ಹುಡುಗ, ಹಣೆಗೆ ವಿಭೂತಿ ಹಚ್ಚಿಕೊಂಡು, ವಜೀರಬಿಯ ಅಂಗಳದಲ್ಲಿ ಬಿಲ್ಲು ಹಿಡಿದು ಅರಳೆ ಹಿಂಜಲು ಕೂತ. ನಮ್ಮ ಮಂದಿ ಬಂದು ಕೂಗಾಡಿ ಹೋದರು. ಅವ್ವ ಅವರಿಗೆ ಚಹಾ ಕೊಟ್ಟು, "ವಜೀರಬಿಗಿ ಹೇಳ್ರಿ, ಆಕಿ ಮಗಾ" ಎಂದಳು. ವಜೀರಬಿ ಮಾತ್ರ ನಿಯತ್ತಿನ ಹೆಂಗಸು. ಅವನಿಗೆಂದು ಬೇರೆ ಒಲೆ, ಬೇರೆ ಪಾತ್ರೆ ಇಟ್ಟಿದ್ದಳು. ತಂದ ಮಾಲು ತಂದ ಹಾಗೇ ಇರಬೇಕು ಎಂಬುದು ಆಕೆಯ ಮಾತು. ಈದ್ ಬಂದರೆ ತನ್ನ ಆರು ಮಕ್ಕಳ ಜೊತೆ ಇವನಿಗೂ ಹೊಸ ಅಂಗಿ ಹೊಲಿಸುತ್ತಿದ್ದಳು. ತಪ್ಪು ಮಾಡಿದರೆ ಕಿವಿ ಹಿಂಡುತ್ತಿದ್ದಳು. ಆ ಕಿವಿ ಹಿಂಡಿದ್ದನ್ನು ಅಣ್ಣ ಸಡಗರದಿಂದ ನನಗೆ ಬಂದು ಹೇಳುತ್ತಿದ್ದ.

ಗಾದಿ ತುಂಬುವುದರಲ್ಲಿ ಅವನ ಕೈ ಪಳಗಿತು. ಎಪ್ಪತ್ತೇಳರಲ್ಲಿ ಅವನೂ ವಜೀರಬಿಯ ಹಿರಿಯ ಮಗ ಅಬ್ದುಲ್ ರಜಾಕ್‌ನೂ ಸೇರಿ ಹುಮನಾಬಾದಿನ ಬಸ್‌ಸ್ಟ್ಯಾಂಡ್ ಹತ್ತಿರ ಗಾದಿ ಅಂಗಡಿ ಹಾಕಿದರು. ಹೈದರಾಬಾದ್ ರಸ್ತೆಯ ಲಾರಿ ಡ್ರೈವರುಗಳು, ಹೊಸದಾಗಿ ಮದುವೆಯಾದವರು, ಬೆನ್ನುನೋವಿನ ಸಾಹುಕಾರರು ಎಲ್ಲರೂ ಬರುತ್ತಿದ್ದರು. ಊರಿಗೆಲ್ಲ ಮೆತ್ತಗಿನ ಹಾಸಿಗೆ ಮಾಡಿಕೊಟ್ಟವನು ತಾನು ಮಾತ್ರ ಎಲ್ಲಿ ಕೂತರೂ ತುದಿಯಲ್ಲೇ ಕೂಡುತ್ತಿದ್ದ, ಯಾರಾದರೂ ಎಬ್ಬಿಸಿದರೆ ತಕ್ಷಣ ಏಳಲು ಬರುವ ಹಾಗೆ. ನೀರು ಬೇಕಾದರೆ "ಸ್ವಲ್ಪ ನೀರ ಸಿಗ್ತದೇನ್ರಿ?" ಎಂದು ಕೇಳುತ್ತಿದ್ದ. ನಮ್ಮವ್ವ ಮಾಡಿದ ಪಾವಣ್ಯಾ ಜಗತ್ತಿನಲ್ಲಿ ಎಲ್ಲಿ ಹೋದರೂ ಪಾವಣ್ಯಾನೇ ಆಗಿ ಉಳಿದ. ನನಗೆ ಅದನ್ನು ನೋಡಿದರೆ ಸಂಕಟವಾಗುತ್ತಿತ್ತು, ಬೈಯುತ್ತಿದ್ದೆ. ಬೈದರೆ ಅವನಿಗೆ ಖುಷಿ.

ಎಪ್ಪತ್ತೊಂಬತ್ತರಲ್ಲಿ ಚಿಟಗುಪ್ಪದಿಂದ ಹೆಣ್ಣು ಬಂತು, ಲಲಿತಾಬಾಯಿ. ಮಾತುಕತೆಯ ದಿನ ಹೆಣ್ಣಿನ ಅಪ್ಪ ವೀಳ್ಯ ಹಿಡಿದುಕೊಂಡು ಹುಡುಗನ ತಾಯಿ ಯಾರು ಎಂದರೆ, ಅವ್ವ ವಜೀರಬಿಯ ಕಡೆ ಬೆರಳು ತೋರಿಸಿದಳು, ವಜೀರಬಿ ಅವ್ವನ ಕಡೆ ತೋರಿಸಿದಳು. ಆ ಮನುಷ್ಯ ವೀಳ್ಯವನ್ನು ನನ್ನ ಕೈಗೆ ಕೊಟ್ಟು ಕೂತುಬಿಟ್ಟ. ಮದುವೆಯಲ್ಲಿ ಅವ್ವ ಬೀಗರ ಸಾಲಿನಲ್ಲಿ ಇರಲಿಲ್ಲ. ಊರ ಹೆಂಗಸರ ಜೊತೆ ಕೊನೆಯ ಪಂಕ್ತಿಯಲ್ಲಿ ಉಂಡಳು, ಹೊರಗಿನವರು ಕೊಡುವ ಹಾಗೆ ಒಂದು ಕುಪ್ಪಸದ ಕಣ ಉಡುಗೊರೆ ಕೊಟ್ಟಳು. ಅಕ್ಕಿಕಾಳು ಹಾಕುವಾಗ ಕಂಬದ ಹಿಂದೆ ನಿಂತಿದ್ದಳು. ನಾನು ಹೋಗಿ ನೋಡಿದೆ. ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು.

"ಯಾಕ ಅಳ್ತೀ? ಹೋಗಿ ನಿಂದರು ಅಲ್ಲಿ!" ಎಂದು ನಾನು ರೇಗಿದೆ.

"ಹೊಗಿ ಬಡದದ," ಎಂದಳು. ಆ ಮಂಟಪದ ಹತ್ತಿರ ಎಲ್ಲೂ ಒಲೆ ಇರಲಿಲ್ಲ.

ಗಂಡ ಹೆಂಡತಿ ಹುಮನಾಬಾದಿನಲ್ಲೇ ಮನೆ ಮಾಡಿದರು. ಲಲಿತಾಬಾಯಿ ನೇರ ಮಾತಿನವಳು. ಮೂರು ತಿಂಗಳು ತಡೆದು ಆಮೇಲೆ ನನ್ನನ್ನು ಹಿಡಿದು ಕೇಳಿದಳು. "ನಿಮ್ಮಣ್ಣಗ ಏನರ ಆಗ್ಯಾದೇನ್ರಿ? ತಮ್ಮ ಮನಿ ಬಾಗಿಲ ತಾವೇ ಬಡಿತಾರ, ನಾ ಬರ್ರಿ ಅನ್ನೂ ತನಕ ಹೊರಗೇ ನಿಂದರ್ತಾರ. ರೊಟ್ಟಿ ಹಾಕಿದ್ರ ಭಾಳ ಉಪಕಾರ ಆಯ್ತ್ರಿ ಅಂತಾರ." ನಾನು ಮೊರದ ಕತೆ ಪೂರ್ತಿ ಹೇಳಿದೆ. ಆಕೆ ಕೇಳಿ, "ಹಂಗಾದ್ರ ನಾ ಯಾರ ಸೊಸಿ?" ಎಂದಳು.

ಎಂಬತ್ತನಾಲ್ಕರ ಬೇಸಗೆಯಲ್ಲಿ ವಜೀರಬಿ ತೀರಿಕೊಂಡಳು. ವಯಸ್ಸಾಗಿತ್ತು, ಮಕ್ಕಳು ಮೊಮ್ಮಕ್ಕಳ ನಡುವೆ ಕಣ್ಣು ಮುಚ್ಚಿದಳು. ಧೂಳಪ್ಪ ಅವಳ ಏಳನೇ ಮಗನಾಗಿ ಹೆಗಲು ಕೊಟ್ಟ. ಅವ್ವ ಗೋಡೆ ಹಿಡಿದುಕೊಂಡು ಗೊಳೋ ಎಂದು ಅತ್ತಳು. ಗೆಳತಿಗಾಗಿ ಅಳುತ್ತಿದ್ದಾಳೆ ಎಂದು ನಾವೆಲ್ಲ ಅಂದುಕೊಂಡೆವು, ಅದೂ ಸುಳ್ಳಲ್ಲ. ಆದರೆ ಮೂರನೇ ದಿನ ಆಕೆ ನನ್ನನ್ನು ಒಳಗೆ ಕರೆದಳು.

"ಮಾರುದ್ರ್ಯಾ, ಆಕಿ ಹೋದಳು. ಈಗ ಅವನಿಗಿ ಯಾರೂ ಇಲ್ಲ."

"ಯಾರಿಗಿ?"

"ಧೂಳಪ್ಪಗ. ಖುಲ್ಲಾ ಬಿದ್ದಾನ. ನಾಳಿ ಆಂವಾ ಬಂದು, ಇದು ಯಾರದು ಅಂದ್ರ ಏನ ಹೇಳಲಿ?"

ನಾನು ನಕ್ಕೆ. ನಗಬಾರದಿತ್ತು. ಆಕೆ ರಜಾಕ್‌ನನ್ನು ಕರೆಸಿ, ತಾಯಿಯ ಆಸ್ತಿಗೆ ನೀನು ವಾರಸುದಾರ, ಧೂಳಪ್ಪನೂ ನಿನ್ನ ಪಾಲಿಗೆ ಬಂದಹಾಗೆ ಎಂದು ತಿಳಿಸಿ ಹೇಳಿದಳು. ರಜಾಕ್ ಎರಡೂ ಕಿವಿ ಮುಟ್ಟಿಕೊಂಡ. "ತೋಬಾ ತೋಬಾ, ಕಾಕು! ಭಾಯಿಗಿ ಯಾರರ ಮಾಲಕ ಆಗ್ತಾರೇನು? ಅಂಗಡ್ಯಾಗ ನಾವಿಬ್ರೂ ಬರಾಬರ್." ಮೊಳೆಯಿಂದ ಮೊರ ತೆಗೆದು ತಂದು ಅವ್ವನ ಕೈಗೆ ಕೊಟ್ಟುಬಿಟ್ಟ. ಅದನ್ನು ಹಿಡಿದುಕೊಂಡು ಆಕೆ ಇಡೀ ದಿನ ಕೂತಿದ್ದಳು. ಮರುದಿನ ಮುಂಜಾನೆ ಎದ್ದು ಸೀರೆ ಬದಲಿಸಿ, "ನಡಿ, ಹುಮನಾಬಾದಕ ಹೋಗೂನು. ಮತ್ತೊಬ್ರಿಗಿ ಮಾರಿ ಬರೂನು," ಎಂದಳು.

ಹೀಗೆ ನನ್ನ ಅಣ್ಣ ತನ್ನ ಇಪ್ಪತ್ತೆಂಟನೇ ವಯಸ್ಸಿಗೆ, ಮೀಸೆ, ಹೊಟ್ಟೆ, ಹೆಂಡತಿ ಸಮೇತ ಎರಡನೇ ಸಲ ಮಾರಾಟಕ್ಕೆ ಬಂದ. ನಾನು ಇಪ್ಪತ್ತೈದರವನು, ಅಪ್ಪನ ಅಂಗಡಿಯ ಯಜಮಾನ, ಬಸ್ಸಿನಲ್ಲಿ ಖಾಲಿ ಮೊರ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ನಡುವೆ ರಾಜೇಶ್ವರದಲ್ಲಿ ಬಸ್ಸು ಹತ್ತಿದ ಗುರುತಿನವನೊಬ್ಬ ಏನು ತರಲಿಕ್ಕೆ ಹೊರಟಿರಿ ಎಂದ. ತರುವುದಲ್ಲ, ಕೊಡುವುದು ಎಂದೆ.

ಹುಮನಾಬಾದಿನಲ್ಲಿ ಅಂದು ಸಂತೆ. ಅವ್ವ ಮಕ್ಕಳೊಂದಿಗಳಾದ ಹೆಂಗಸರನ್ನೇ ಆರಿಸಿ ಆರಿಸಿ ಕೇಳಿದಳು. ಬದನೆಕಾಯಿ ಮಾರುವ ಸರುಬಾಯಿ ಎಂಬಾಕೆ ಪೂರ್ತಿ ಕೇಳಿಸಿಕೊಂಡು, ಕೂಸು ಎಲ್ಲಿ ಎಂದು ನಮ್ಮ ಸುತ್ತ ನೋಡಿದಳು. ಅವ್ವ ರಸ್ತೆ ಆಚೆಯ ಗಾದಿ ಅಂಗಡಿ ತೋರಿಸಿದಳು. ಅಲ್ಲಿ ಅಣ್ಣ ಗಿರಾಕಿಯೊಬ್ಬನಿಗೆ ಗಾದಿ ಹೊರಿಸುತ್ತಿದ್ದ.

"ಅಯ್ ಶಿವನೇ, ಅಷ್ಟ ದೊಡ್ಡಾವಾ!" ಎಂದಳು ಸರುಬಾಯಿ. "ನನ್ನ ಮನ್ಯಾಗೇ ಅಂಥಾವ ಮೂರ ಬಿದ್ದಾವ. ಬೇಕಾದ್ರ ಒಂದ ನೀವೇ ಒಯ್ರಿ, ಬದನೀಕಾಯಿ ಮ್ಯಾಲ ಕೊಡ್ತೀನಿ."

ಚಹಾ ಅಂಗಡಿಯ ಧೂಳಮ್ಮ ಮಾತ್ರ ಗಂಭೀರವಾಗಿ ವಿಚಾರಿಸಿದಳು. ಎಷ್ಟು ರೊಟ್ಟಿ ತಿನ್ನುತ್ತಾನೆ, ಗೊರಕೆ ಹೊಡೆಯುತ್ತಾನೆಯೇ, ಹೆಂಡತಿಯೂ ಇದರಲ್ಲೇ ಬರುತ್ತಾಳೆಯೇ ಎಂದೆಲ್ಲ. ಅವ್ವ ಆಸೆಯಿಂದ ಉತ್ತರ ಕೊಟ್ಟಳು. "ಭಾಳ ಚೊಲೋ ಹುಡುಗಾ ಇದ್ದಾನ್ರಿ. ಮಾತ ಮೆತ್ತಗ. ಕೈ ಬಂಗಾರದಂಥಾದು. ಸಣ್ಣವ ಇದ್ದಾಗ ನಿದ್ದಿಗಣ್ಣಾಗ ನಗ್ತಿದ್ದ." ಆ ಕಡೆಯ ಮಾತು ನಾನು ಎಂದೂ ಕೇಳಿರಲಿಲ್ಲ. ಮಾರುವ ನೆಪದಲ್ಲಿ ಆಕೆ ಇಪ್ಪತ್ತೆಂಟು ವರ್ಷದ ಹೊಗಳಿಕೆಯನ್ನೆಲ್ಲ ಹುಮನಾಬಾದಿನ ಸಂತೆಯಲ್ಲಿ ಸುರಿಯುತ್ತಿದ್ದಳು. ಅಷ್ಟರಲ್ಲಿ ನಮ್ಮ ಸುತ್ತ ಮಂದಿ ಸೇರಿದ್ದರು. ಯಾರೋ ಓಡಿಹೋಗಿ ಅಣ್ಣನಿಗೆ ಹೇಳಿದ್ದರು, ನಿನ್ನನ್ನು ಬಸ್‌ಸ್ಟ್ಯಾಂಡಿನಲ್ಲಿ ಮಾರುತ್ತಿದ್ದಾರೆ ಎಂದು.

ಧೂಳಪ್ಪ ರಸ್ತೆ ದಾಟಿ ಬಂದ. ತಲೆ, ಮೀಸೆ, ಹುಬ್ಬು, ಕೆನ್ನೆ ಎಲ್ಲ ಅರಳೆ. ಮಂದಿ ದಾರಿ ಬಿಟ್ಟರು. ಅವನು ಅವ್ವನ ಎದುರು ನಿಂತು, ಆಕೆಯ ಕೈಯಲ್ಲಿದ್ದ ಮೊರ ನೋಡಿದ.

"ಕಾಕು, ಏನ ಮಾಡಾಕತ್ತೀರಿ?"

"ನಿಮ್ಮ ಸಲುವಾಗೇ ತಮ್ಮಾ. ಈ ಧೂಳಮ್ಮ ಭಾಳ ಒಳ್ಳೆಯಾಕಿ…"

"ನಾ ಮಾರಾಟಕ್ಕಿಲ್ಲ." ಅವನ ದನಿ ಎದ್ದದ್ದನ್ನು ನಾನು ಅದೇ ಮೊದಲು ಕೇಳಿದ್ದು. "ಸಾಕಾಗ್ಯಾದ ನನಗ. ಆಂವಾ ಬರ್ಲಿ. ಒಯ್ದ್ರ ಒಯ್ಲಿ. ಸತ್ರ ನಿನ್ನ ಮಗಾ ಅಂತ ಸಾಯ್ತೀನಿ, ಇಲ್ಲೇ ಈಗೇ ಸಾಯ್ತೀನಿ…"

ಮಾತು ಮುಗಿಯಲಿಲ್ಲ. ಸಂತೆಯೆಲ್ಲ ತಿರುಗಿ ನೋಡುವ ಹಾಗೆ ಅವ್ವನ ಕೈ ಅವನ ಕೆನ್ನೆಯ ಮೇಲೆ ಬಿತ್ತು. ಭರಣಿ ಒಡೆದ ದಿನ ಎದ್ದು ನಿಂತಿದ್ದ ಕೈ.

"ಸಾಯ್ತೀನಿ ಅಂತೀಯೇನೋ? ಮೂರು ಕೂಸು ಮಣ್ಣಾಗ ಇಟ್ಟಾಕಿ ಮುಂದ ಸಾಯೂ ಮಾತ ಆಡ್ತೀಯೇನೋ, ನನ್ನ ಮಗನ!"

ಆಕೆಗೇ ಕೇಳಿಸಿತು, ತಾನು ಅಂದದ್ದು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮೊರ ಕೆಳಗೆ ಬಿತ್ತು. ಮೇಲೆ ನೋಡಿದಳು, ಹಿಂದೆ ನೋಡಿದಳು, ಕಲಬುರಗಿ ಬಸ್ಸಿನ ಕಿಟಕಿಗಳನ್ನೂ ಒಂದೊಂದಾಗಿ ನೋಡಿದಳು. "ಬಾಯಿ ತಪ್ಪಿ ಬಂತ್ರಿ," ಎಂದು ಯಾರಿಗೋ, ಗಾಳಿಗೆ, ಕೈ ಮುಗಿದು ಹೇಳತೊಡಗಿದಳು. "ನಮ್ಮಾವಾ ಅಲ್ರಿ ಇಂವಾ. ಖರೇನೇ ಅಲ್ರಿ."

ಧೂಳಪ್ಪ ಅಲುಗಾಡದೆ ನಿಂತಿದ್ದ. ಅರಳೆ ಅಂಟಿದ ಕೆನ್ನೆಯ ಮೇಲೆ ಐದು ಬೆರಳು ಸ್ಪಷ್ಟವಾಗಿ ಮೂಡಿದ್ದವು. ಕಣ್ಣು ಮುಚ್ಚಿಕೊಂಡಿದ್ದ. ತೆರೆದು ನನ್ನ ಕಡೆ ತಿರುಗಿದ.

"ಇದೇ ನೋಡೋ ಮಾರುದ್ರ್ಯಾ," ಎಂದ. "ಇದೇ."

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ನಮ್ಮವ್ವನ ಸ್ವಭಾವಕ್ಕೆ ಅದು ಆಗದು. ತಾನೇ ಅವನ ಗುಟ್ಟು ಬಿಟ್ಟುಕೊಟ್ಟೆ, ಇನ್ನು ಅವನು ಉಳಿಯುವುದಿಲ್ಲ ಎಂದು ಆಕೆ ಹುಮನಾಬಾದಿನಲ್ಲೇ ಬೀಡು ಬಿಟ್ಟಳು. ಎಂಟು ದಿನ ಅಂಗಡಿಯಲ್ಲಿ ಅವನ ಬೆನ್ನ ಹಿಂದೆ ಕೂತು, ಅವನ ತಲೆಯ ಮೇಲೆ ಮೊರವನ್ನು ಕೊಡೆಯ ಹಾಗೆ ಹಿಡಿದುಕೊಂಡಿದ್ದಳು, ಮೇಲಿನಿಂದ ನೋಡಿದವರಿಗೆ ಕಾಣಬಾರದು ಎಂದು. ಕೈ ಸೋತರೆ ರಜಾಕ್ ಹಿಡಿಯಬೇಕು. ಗಿರಾಕಿಗಳು ಇದು ಯಾವ ವ್ರತ ಎಂದು ಕೇಳಿ ಹೋಗುತ್ತಿದ್ದರು. ತಪ್ಪು ತಿದ್ದಲು ಮರ್ಯಾದೆ ಇಮ್ಮಡಿ ಮಾಡಿದಳು. "ಬರ್ರಿ, ಕೂಡ್ರಿ, ದೊಡ್ಡವ್ರು ನೀವು," ಎಂದು ತಾಟಿನಲ್ಲಿ ರೊಟ್ಟಿ ಮುಳುಗುವಷ್ಟು ತುಪ್ಪ. ಅಣ್ಣ ಒಂದೊಂದು ದಿನಕ್ಕೂ ಇಳಿದುಹೋದ. ಒಂದು ಏಟು ಕೊಟ್ಟು ಅದನ್ನೂ ವಾಪಸ್ ತೆಗೆದುಕೊಂಡಳಲ್ಲ ಎಂದು ನನ್ನ ಹತ್ತಿರ ಹೇಳಿದ. ನನಗೂ ಆಕೆಯ ಮೇಲೆ ಅಷ್ಟು ಸಿಟ್ಟು ಎಂದೂ ಬಂದಿರಲಿಲ್ಲ.

ಒಂಬತ್ತನೇ ದಿನ ಮಧ್ಯಾಹ್ನ ನಾನು ಅವ್ವನನ್ನು ಕರೆದೊಯ್ಯಲು ಹೋಗಿದ್ದೆ. ಲಲಿತಾಬಾಯಿ ರೊಟ್ಟಿ ಬಡಿಯುತ್ತಿದ್ದಳು, ಅವ್ವ ಬೇಯಿಸುತ್ತಿದ್ದಳು. ಅಣ್ಣ ಅಂಗಡಿಯಿಂದ ಬಂದ. ಬೇಸರಕ್ಕೋ, ಹಸಿವಿಗೋ, ಬಾಗಿಲು ಬಡಿಯಲಿಲ್ಲ. ನೇರ ಒಳಗೆ ಬಂದು, ಅರಳೆ ಅಂಟಿದ ಟವೆಲ್ಲನ್ನು ಹಿಟ್ಟಿನ ಡಬ್ಬಿಯ ಮೇಲೆ ಒಗೆದು, ನನ್ನ ಪಕ್ಕ ನೆಲದ ಮೇಲೆ ಕೂತ.

ಅವ್ವ ತಿರುಗಿ ಟವೆಲ್ಲು ನೋಡಿದಳು. ಆಮೇಲೆ ಅವನನ್ನು ನೋಡಿದಳು. ಎಂಟು ದಿನ ಕಳೆದು ಒಂಬತ್ತು ಆಗಿತ್ತು, 'ನನ್ನ ಮಗನ' ಎಂದು ಸಂತೆಯಲ್ಲಿ ಕೂಗಿದ ಮೇಲೂ ಅವನು ಉಸಿರಾಡುತ್ತಿದ್ದ, ಹಸಿದಿದ್ದ, ಬೆವೆತಿದ್ದ. ಆಕೆ ಎಷ್ಟು ಹೊತ್ತು ನೋಡಿದಳೆಂದರೆ ಹೆಂಚಿನ ಮೇಲಿನ ರೊಟ್ಟಿ ಕರಕಲಾಯಿತು. ಕರಕಲಾದ ಅದೇ ರೊಟ್ಟಿ ಅವನ ತಾಟಿಗೆ ಬಿತ್ತು. ಲಲಿತಾಬಾಯಿ ರೂಢಿಯಂತೆ ತುಪ್ಪದ ಗಿಂಡಿ ಮುಂದೆ ತಂದಳು. ಅವ್ವ ಆಕೆಯ ಕೈ ಹಿಡಿದಳು.

"ಅವನಿಗ್ಯಾಕ ತುಪ್ಪಾ?" ಎಂದಳು. "ಅಂವಾ ಏನ ಪಾವಣ್ಯಾನ?"

ಅಣ್ಣ ರೊಟ್ಟಿ ಮುರಿದ. ನಾನು ನನ್ನ ತಾಟನ್ನು ಸ್ವಲ್ಪ ಮುಂದೆ ಸರಿಸಿದೆ, ಇಷ್ಟು ವರ್ಷದ ಆ ತುಪ್ಪ ಇವತ್ತಾದರೂ ಈ ಕಡೆ ಬರಬಹುದೆಂದು. ಬರಲಿಲ್ಲ, ಆಕೆ ಗಿಂಡಿಯನ್ನು ಒಯ್ದು ಗೋಡೆಯ ಮಾಡಿನಲ್ಲಿಟ್ಟಳು. ಇಬ್ಬರೂ ಅಕ್ಕಪಕ್ಕ ಕೂತು ಒಣ ರೊಟ್ಟಿ ತಿಂದೆವು.

"ಅವ್ವಾ, ನೀರ ಕೊಡು," ಎಂದ ಧೂಳಪ್ಪ.

"ಎದ್ದ ತಗೋ," ಎಂದಳು ಆಕೆ.